ಮಾಡೆಲ್ ಪ್ರಕಾರ ಕಾಡು ರಾತ್ರೋರಾತ್ರಿ ಸೊರಗಿದೆ. ನಂಬಬಹುದಾ?

ಹಸಿರುಗಣ್ಣು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇದು ನನ್ನ ಮೊದಲ ಪೋಸ್ಟ್, ತಪ್ಪಿದ್ದರೆ ತಿದ್ದಿ.

ಕಾಲೇಜಿನ ಪ್ರಾಜೆಕ್ಟ್‌ಗೆ ಒಂದು ಬೆಟ್ಟ-ಕಾಡಿನ ಪ್ರದೇಶ ಆರಿಸಿಕೊಂಡಿದ್ದೇನೆ. ನಡುವೆ ದೊಡ್ಡ ಕೆರೆ, ಅಂಚಿನಲ್ಲಿ ಹೊಲಗಳು. ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು 2018ರಿಂದ 2024ರವರೆಗೆ ಇಳಿಸಿಕೊಂಡೆ. ಕಾಡು, ಹೊಲ, ನೀರು, ಬರಡು ನೆಲ ಅಂತ ನಾಲ್ಕು ಬಗೆ. 2020ರ ಚಿತ್ರದ ಮೇಲೆ ಸುಮಾರು ಎರಡು ಸಾವಿರ ಪಿಕ್ಸೆಲ್‌ಗಳಿಗೆ ನಾನೇ ಕೂತು ಗುರುತು ಹಾಕಿದೆ. ರ‍್ಯಾಂಡಮ್ ಫಾರೆಸ್ಟ್ ಅನ್ನುವ, ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ಮಾಡೆಲ್‌ಗೆ ಅದನ್ನು ಕಲಿಸಿದೆ. ನಿಖರತೆ 96% ಬಂತು. ಖುಷಿಯಾಯಿತು.

ಖುಷಿ ಎರಡು ದಿನ ಉಳಿಯಿತು. ವರ್ಷವಾರು ನಕ್ಷೆ ತೆಗೆದು ನೋಡಿದರೆ 2021ರವರೆಗೆ ಕಾಡು ಹೆಚ್ಚುಕಮ್ಮಿ ಹಾಗೇ ಇದೆ. 2022ಕ್ಕೆ ಬಂದರೆ ಅರ್ಧಕ್ಕರ್ಧ ಕಾಡು ಹೊಲವಾಗಿದೆ. ಕೆರೆಯ ಒಂದು ಭಾಗ ಬರಡು ನೆಲವಾಗಿದೆ. ಎನ್‌ಡಿವಿಐ 0.8ರ ಸುತ್ತ ಇದ್ದದ್ದು 0.5ರ ಹತ್ತಿರಕ್ಕೆ ಬಿದ್ದು ಅಲ್ಲೇ ಕೂತಿದೆ. ಮೇಷ್ಟ್ರಿಗೆ ತೋರಿಸಿದೆ. "ಬದಲಾವಣೆ ಚೆನ್ನಾಗಿ ಕಾಣುತ್ತಿದೆ, ಬರೆದು ತಾ" ಅಂದರು. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಅರ್ಧ ಕಾಡು ಹೋದರೆ ಸುದ್ದಿಯಾಗದೆ ಇರುತ್ತದಾ?

ಸುಮ್ನೆನೋಡೋನು

ಎನ್‌ಡಿವಿಐ ಅಂದರೇನು ಸ್ವಾಮಿ? ನಮ್ಮಂಥವರಿಗೂ ತಿಳಿಯುವ ಹಾಗೆ ಹೇಳಿ, ಆಮೇಲೆ ಜಗಳ ಆಡಿ.

ಪಿಕ್ಸೆಲ್‌ಪುರಾಣ

ಹೇಳುತ್ತೇನೆ ಕೇಳಿ. ಹಸಿರು ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಅದು ಅದರ ಊಟ. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಬೇಡ. ಅದನ್ನು ವಾಪಸ್ ಎಸೆಯುತ್ತದೆ. ಉಪಗ್ರಹ ಎರಡನ್ನೂ ಅಳೆಯುತ್ತದೆ. ಇನ್‌ಫ್ರಾರೆಡ್‌ನಿಂದ ಕೆಂಪನ್ನು ಕಳೆಯಿರಿ, ಎರಡರ ಮೊತ್ತದಿಂದ ಭಾಗಿಸಿ. ಬರುವ ಸಂಖ್ಯೆಯೇ ಎನ್‌ಡಿವಿಐ. ದಟ್ಟ ಹಸಿರಿಗೆ 0.8ರ ಆಸುಪಾಸು, ಬರಿ ನೆಲಕ್ಕೆ 0.1-0.2, ನೀರಿಗೆ ಸೊನ್ನೆಗಿಂತ ಕೆಳಗೆ. ಅಷ್ಟೇ.

ಹಸಿರುಗಣ್ಣು ಅವರೇ, ನನ್ನ ಅನುಮಾನ ತಿಂಗಳಿನ ಮೇಲೆ. 2021ರ ಚಿತ್ರ ಮಳೆ ಮುಗಿದ ಮೇಲಿನದು, 2022ರದ್ದು ಎಲೆ ಉದುರುವ ಕಾಲದ್ದು ಆಗಿದ್ದರೆ ಮುಗಿಯಿತು. ನೀವು ಅಳೆದದ್ದು ಋತುವನ್ನು, ಕಾಡನ್ನಲ್ಲ. ಹೊಸಬರು ಮೊದಲು ಬೀಳುವ ಹಳ್ಳ ಇದೇ. ನಾನೂ ಬಿದ್ದಿದ್ದೇನೆ, ಹಲ್ಲು ಮುರಿದುಕೊಂಡಿದ್ದೇನೆ.

ಮೋಡದಾಚೆ

ಮೋಡವನ್ನೂ ನೋಡಿ. ಯಾವ ಹೊತ್ತಿಗೆ ನೋಡಿದರೂ ಭೂಮಿಯ ಮೂರರಲ್ಲಿ ಎರಡು ಭಾಗ ಮೋಡದ ಕೆಳಗೇ ಇರುತ್ತದೆ. ದಪ್ಪ ಮೋಡ ಪರವಾಗಿಲ್ಲ, ಬೆಳ್ಳಗೆ ಕಾಣುತ್ತದೆ, ತೆಗೆದು ಹಾಕಬಹುದು. ಎತ್ತರದಲ್ಲಿ ತೆಳ್ಳಗೆ ಹರಡಿದ ಮೋಡ ಇರುತ್ತದಲ್ಲ, ಅದೇ ಕಳ್ಳ. ಕೆಂಪು ಬೆಳಕನ್ನು ಸ್ವಲ್ಪ ಏರಿಸುತ್ತದೆ, ಎನ್‌ಡಿವಿಐ ಕಮ್ಮಿಯಾಗುತ್ತದೆ. ಮೋಡದ ನೆರಳಂತೂ ಕೇಳಲೇಬೇಡಿ, ಮಾಡೆಲ್ ಅದನ್ನು ನೀರು ಅಂತ ಓದಿಬಿಡುತ್ತದೆ. ಬೆಟ್ಟದ ನೆರಳಿಗೂ ಇದೇ ಕಥೆ. ಸೆಂಟಿನೆಲ್-2 ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಹಾದುಹೋಗುತ್ತದೆ. ಸೂರ್ಯ ಕೆಳಗಿರುವ ತಿಂಗಳುಗಳಲ್ಲಿ ಬೆಟ್ಟದ ಒಂದು ಮಗ್ಗುಲು ಪೂರ್ತಿ ಕತ್ತಲೆ.

ಬೇಸಾಯಗಾರ

ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಕಾಡೂ ಸೊರಗಿದೆ, ಕೆರೆಯೂ ಇಳಿದಿದೆ. ಮಳೆ ಕೈಕೊಟ್ಟಿದೆ, ಬರ ಬಂದಿದೆ. ಎರಡೂ ಒಂದೇ ಕಥೆ ಹೇಳುತ್ತಿವೆ ಅಲ್ವಾ?

ಹಸಿರುಗಣ್ಣು

ಪಿಕ್ಸೆಲ್‌ಪುರಾಣ ಸರ್, ಎಲ್ಲ ವರ್ಷವೂ ಅದೇ ಎರಡು ತಿಂಗಳ ಚಿತ್ರ ತಗೊಂಡಿದ್ದೇನೆ. ಮೋಡ 10%ಗಿಂತ ಜಾಸ್ತಿ ಇದ್ದದ್ದನ್ನು ಬಿಟ್ಟಿದ್ದೇನೆ. ಬೇಸಾಯಗಾರ ಅವರೇ, ನಾನೂ ಮೊದಲು ಬರ ಅಂತಲೇ ಅಂದುಕೊಂಡೆ. ಆದರೆ 2022, 2023, 2024 ಮೂರೂ ವರ್ಷ ಗೆರೆ ಒಂದೇ ಮಟ್ಟದಲ್ಲಿದೆ. ಬರ ಆಗಿದ್ದರೆ ಒಂದು ಒಳ್ಳೆ ಮಳೆಗೆ ಮೇಲೇಳಬೇಕಿತ್ತು.

ಬೆಂಕಿಕಡ್ಡಿ

ಕಾಡ್ಗಿಚ್ಚು?

ಹಸಿರುಗಣ್ಣು

ಸುಟ್ಟ ಜಾಗ ಒಂದೇ ಕಡೆ ಇರಬೇಕಲ್ಲ. ಇಲ್ಲಿ ಕುಸಿತ ಎಲ್ಲ ಕಡೆಯೂ ಇದೆ.

ರೇಡಾರ್‌ಕಿವಿ

ತಡವಾಗಿ ನೋಡಿದೆ. ಎರಡು ಕೆಲಸ ಮಾಡಿ. ಒಂದು, ವರ್ಷದ ಸರಾಸರಿ ಬಿಡಿ. ಪ್ರತಿ ಚಿತ್ರದ ಬೆಲೆಯನ್ನೂ ದಿನಾಂಕದ ಮೇಲೆ ಚುಕ್ಕಿ ಇಟ್ಟು ಗ್ರಾಫ್ ಮಾಡಿ. ಈ ಸಲ ಎಲ್ಲ ತಿಂಗಳ ಚಿತ್ರವೂ ಬೇಕು. ಎರಡು, ಬದಲಾಗಲೇಬಾರದ ಒಂದು ಜಾಗ ಹುಡುಕಿ. ದೊಡ್ಡ ಬೋಳು ಬಂಡೆ ಇದ್ದರೆ ಒಳ್ಳೆಯದು. ಅದರ ಮೇಲಿನ ಪಿಕ್ಸೆಲ್‌ನ ಕೆಂಪು, ಇನ್‌ಫ್ರಾರೆಡ್ ಎರಡನ್ನೂ ಬೇರೆಬೇರೆಯಾಗಿ ನೋಡಿ. ಎನ್‌ಡಿವಿಐ ನೋಡಬೇಡಿ, ಕಚ್ಚಾ ಸಂಖ್ಯೆ ನೋಡಿ.

ಬಂಡೆಗೆ ಬರವೂ ಇಲ್ಲ, ಬೆಂಕಿಯೂ ಇಲ್ಲ. ಅದೂ ಬದಲಾಗಿದ್ದರೆ ತಪ್ಪು ನೆಲದ್ದಲ್ಲ.

ಹಸಿರುಗಣ್ಣು

ಮಾಡಿದೆ. ನಿನ್ನೆ ರಾತ್ರಿ ನಿದ್ದೆ ಇಲ್ಲ.

ಬಂಡೆಯೂ ಬದಲಾಗಿದೆ! ಕೆರೆಯ ನಡುಮಧ್ಯದ ಆಳವಾದ ನೀರೂ ಬದಲಾಗಿದೆ. ಕಾಡಿನ ಪಿಕ್ಸೆಲ್‌ನಲ್ಲಿ ಕೆಂಪು ಮೊದಲು 300ರ ಸುತ್ತ ಇತ್ತು, ಈಗ 1300. ಇನ್‌ಫ್ರಾರೆಡ್ 3000 ಇದ್ದದ್ದು 4000. ಬಂಡೆಗೂ ನೀರಿಗೂ ಅದೇ ಲೆಕ್ಕ, ಎಲ್ಲದಕ್ಕೂ ಸಾವಿರದಷ್ಟು ಜಾಸ್ತಿ. ಗ್ರಾಫ್‌ನಲ್ಲಿ ಇಳಿಜಾರು ಇಲ್ಲವೇ ಇಲ್ಲ, ಮೆಟ್ಟಿಲು. 2022ರ ಜನವರಿ ಕೊನೆಯ ವಾರದ ಎರಡು ಚಿತ್ರಗಳ ನಡುವೆ ಆ ಮೆಟ್ಟಿಲು ಇದೆ.

ರೇಡಾರ್‌ಕಿವಿ

ಅಲ್ಲಿಗೆ ಸಿಕ್ಕಿತು. 2022ರ ಜನವರಿ 25.

ಆ ದಿನ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಸೆಂಟಿನೆಲ್-2 ಚಿತ್ರ ತಯಾರಿಸುವ ವಿಧಾನ ಬದಲಾಯಿಸಿತು. ಹೊಸ ವಿಧಾನದ ಹೆಸರು ಬೇಸ್‌ಲೈನ್ 04.00. ಅಂದಿನಿಂದ ಪ್ರತಿ ಪಿಕ್ಸೆಲ್‌ನ ಸಂಖ್ಯೆಗೂ 1000 ಕೂಡಿಸಿ ಕೊಡುತ್ತಾರೆ. ಬಳಸುವವರು ಅದನ್ನು ಕಳೆದುಕೊಳ್ಳಬೇಕು. ಫೈಲ್ ಜೊತೆ ಬರುವ ಮಾಹಿತಿಯಲ್ಲಿ ಅದನ್ನು ಬರೆದಿರುತ್ತಾರೆ. ಓದುವವರು ಯಾರು?

ಸುಮ್ನೆ ಮಾಡಿದ್ದಲ್ಲ ಅದು. ಆಳ ನೀರು, ಗಾಢ ನೆರಳು ಇಂಥ ಕಡೆ ಗಾಳಿಯ ಮಸುಕನ್ನು ಕಳೆದ ಮೇಲೆ ಬೆಲೆ ಸೊನ್ನೆಗಿಂತ ಕೆಳಗೆ ಹೋಗಬಹುದು. ಫೈಲಿನಲ್ಲಿ ಋಣ ಸಂಖ್ಯೆಗೆ ಜಾಗವಿಲ್ಲ. ಮೊದಲು ಅದೆಲ್ಲ ಸೊನ್ನೆಗೆ ಕತ್ತರಿಸಿ ಹೋಗುತ್ತಿತ್ತು. ಎಲ್ಲವನ್ನೂ ಸಾವಿರದಷ್ಟು ಮೇಲೆತ್ತಿದರೆ ಆ ಮಾಹಿತಿ ಉಳಿಯುತ್ತದೆ. ಒಳ್ಳೆಯ ಬದಲಾವಣೆಯೇ. ಗೊತ್ತಿಲ್ಲದವರಿಗೆ ಮಾತ್ರ ಕಾಡು ಒಣಗುತ್ತದೆ.

ನಿಮ್ಮ ಸಂಖ್ಯೆಯನ್ನೇ ಹಾಕಿ ನೋಡಿ. ಮೊದಲು: 2700 ಭಾಗಿಸು 3300, ಅಂದರೆ 0.82. ಆಮೇಲೆ: ಮೇಲಿನ 2700 ಹಾಗೇ ಇರುತ್ತದೆ, ಯಾಕೆಂದರೆ ಕಳೆಯುವಾಗ ಸಾವಿರ ಸಾವಿರ ಹೊಡೆದುಹೋಗುತ್ತದೆ. ಕೆಳಗಿನದು 5300. ಉತ್ತರ 0.51. ಒಂದು ಎಲೆಯೂ ಉದುರಿಲ್ಲ. ನಿಮ್ಮ ಮಾಡೆಲ್ 2020ರ ಸಂಖ್ಯೆ ನೋಡಿ ಕಲಿತದ್ದು, 0.51 ಅಂದರೆ ಅದಕ್ಕೆ ಹೊಲ.

ಗೂಗಲ್‌ನ ಅರ್ತ್ ಎಂಜಿನ್‌ನಲ್ಲಿ (ಚಿತ್ರ ಇಳಿಸದೆ ಆನ್‌ಲೈನ್‌ನಲ್ಲೇ ಲೆಕ್ಕ ಹಾಕುವ ಸೇವೆ) ಮಾಡುವವರಿಗೆ "ಹಾರ್ಮೊನೈಸ್ಡ್" ಅಂತ ಬೇರೆಯೇ ಸಂಗ್ರಹ ಇದೆ. ಅದರಲ್ಲಿ ಈ ಸಾವಿರವನ್ನು ಕಳೆದೇ ಕೊಡುತ್ತಾರೆ. ನೀವು ಫೈಲ್ ಇಳಿಸಿಕೊಂಡು ಮಾಡಿದ್ದೀರಿ, ಹಾಗಾಗಿ ಸಿಕ್ಕಿಬಿದ್ದಿರಿ.

ಬೇಸಾಯಗಾರ

ನನ್ನ ಬರ ಹೋಯಿತು. 😀

ಹಸಿರುಗಣ್ಣು

ನಗು ಬರುತ್ತಿದೆ, ಜೊತೆಗೆ ಮೈ ನಡುಗುತ್ತಿದೆ. ಮುಂದಿನ ವಾರ ವರದಿ ಕೊಡುವವನಿದ್ದೆ. "ಅರಣ್ಯ ಕುಸಿತಕ್ಕೆ ಕಾರಣಗಳು" ಅಂತ ಒಂದು ಅಧ್ಯಾಯ ಬರೆದೂ ಆಗಿತ್ತು. ಮಳೆ, ಒತ್ತುವರಿ, ಬೆಂಕಿ ಎಲ್ಲ ಸೇರಿಸಿ ಹನ್ನೊಂದು ಪುಟ.

ಹಳೇಹುಲಿ

ಆ ಹನ್ನೊಂದು ಪುಟ ಎಸೆಯಬೇಡಪ್ಪ, ಇಟ್ಟುಕೋ. ಆಗದೇ ಇದ್ದದ್ದಕ್ಕೂ ಕಾರಣ ಹುಡುಕುವುದು ನಮಗೆ ಎಷ್ಟು ಸುಲಭ ಅನ್ನುವುದಕ್ಕೆ ಅದು ಸಾಕ್ಷಿ.

ಇದರ ತಲೆಕೆಳಗಾದ ಕಥೆಯೂ ಇದೆ. ಓಝೋನ್ ರಂಧ್ರ. 1978ರಲ್ಲಿ ನಾಸಾ ಹಾರಿಸಿದ ನಿಂಬಸ್-7 ಉಪಗ್ರಹ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ಅಳೆಯುತ್ತಿತ್ತು. ಬೆಲೆ ತುಂಬ ಕಮ್ಮಿ ಬಂದರೆ ತಪ್ಪು ಅಂತ ಕಂಪ್ಯೂಟರ್ ಎಸೆದುಬಿಡುತ್ತಿತ್ತು. ನೆಲದ ಮೇಲೆ ಹ್ಯಾಲಿ ಎಂಬ ಠಾಣೆಯಲ್ಲಿ ಓಝೋನ್ ಅಳೆಯುವ ಹಳೆಯ ಡಾಬ್ಸನ್ ಉಪಕರಣ ಇಟ್ಟುಕೊಂಡಿದ್ದ ಬ್ರಿಟಿಷ್ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್, ಶ್ಯಾಂಕ್ಲಿನ್ 1985ರಲ್ಲಿ ವಿಷಯ ಹೊರಗೆ ತಂದರು.

ಪಿಕ್ಸೆಲ್‌ಪುರಾಣ

ಹುಲಿಗಳೇ, ಸಣ್ಣ ತಿದ್ದುಪಡಿ. ಎಸೆದುಬಿಡುತ್ತಿತ್ತು ಅನ್ನುವುದು ಬಾಯಿಂದ ಬಾಯಿಗೆ ಬೆಳೆದ ಮಾತು. 180 ಡಾಬ್ಸನ್ ಯೂನಿಟ್‌ಗಿಂತ (ಓಝೋನ್ ಅಳೆಯುವ ಮಾನ) ಕಮ್ಮಿ ಇದ್ದದ್ದಕ್ಕೆ "ಅನುಮಾನ" ಅಂತ ಗುರುತು ಬೀಳುತ್ತಿತ್ತು. ದತ್ತಾಂಶ ಹಾಗೇ ಇತ್ತು. ನಾಸಾದವರು ಅದನ್ನು ಪರಿಶೀಲಿಸುತ್ತಲೂ ಇದ್ದರು. ಅಷ್ಟರಲ್ಲಿ ಹ್ಯಾಲಿಯವರ ಲೇಖನ ಮೊದಲು ಬಂತು. ಆಮೇಲೆ ಹಳೆಯ ದತ್ತಾಂಶ ತೆಗೆದು ನೋಡಿದರೆ ರಂಧ್ರ ಎಷ್ಟು ಅಗಲ ಅಂತ ತೋರಿಸಿದ್ದು ಅದೇ ಉಪಗ್ರಹ.

ಹಳೇಹುಲಿ

ಒಪ್ಪಿದೆ. ನಾನು ಕೇಳಿದ ಕಥೆಯನ್ನೇ ಹೇಳಿದ್ದೆ. ಇಷ್ಟು ವರ್ಷ ಎಷ್ಟು ಜನಕ್ಕೆ ಹೇಳಿದ್ದೇನೋ!

ಲೆಕ್ಕದಮೇಷ್ಟ್ರು

ಸಾವಿರದ ಗಲಾಟೆ ಮುಗಿಯಿತಲ್ಲ, ಈಗ ಆ 96%ಗೆ ಬರೋಣ. ನನಗೆ ಹೊಟ್ಟೆ ಉರಿಯುವುದು ಅದನ್ನು ನೋಡಿದರೆ.

ನಿಮ್ಮ ಪ್ರದೇಶದಲ್ಲಿ ಹತ್ತು ಸಾವಿರ ಪಿಕ್ಸೆಲ್ ಇದೆ ಅನ್ನಿ. ನಿಜವಾಗಿ ಕಾಡು ಹೋಗಿರುವುದು ನೂರರಲ್ಲಿ ಮಾತ್ರ. ಮಾಡೆಲ್ ಎರಡೂ ಕಡೆ 96% ಸರಿ. ಹೋದ ನೂರರಲ್ಲಿ 96 ಹಿಡಿಯುತ್ತದೆ. ಭೇಷ್. ಉಳಿದ 9,900ರಲ್ಲಿ 4%, ಅಂದರೆ 396 ಪಿಕ್ಸೆಲ್‌ಗಳನ್ನು ಸುಮ್ಮಸುಮ್ನೆ "ಹೋಗಿದೆ" ಅನ್ನುತ್ತದೆ. ನಕ್ಷೆಯಲ್ಲಿ ಒಟ್ಟು 492 ಕೆಂಪು ಚುಕ್ಕಿ. ಅದರಲ್ಲಿ ನಿಜ 96. ಐದರಲ್ಲಿ ಒಂದೂ ಪೂರ್ತಿ ಇಲ್ಲ! ನೀವು ಆ ಚುಕ್ಕಿಗಳನ್ನು ಎಣಿಸಿ ವಿಸ್ತೀರ್ಣ ಹೇಳಿದರೆ ನಷ್ಟವನ್ನು ಐದು ಪಟ್ಟು ಹಿಗ್ಗಿಸಿದಿರಿ.

ಅಪರೂಪದ ಸಂಗತಿ ಹುಡುಕುವಾಗ ಒಟ್ಟು ನಿಖರತೆ ಯಾವ ಕೆಲಸಕ್ಕೂ ಬಾರದ ಸಂಖ್ಯೆ. ನಾಲ್ಕು ಬಗೆಯಲ್ಲಿ ಪ್ರತಿಯೊಂದಕ್ಕೂ ಬೇರೆ ಲೆಕ್ಕ ಬೇಕು. ಹೋಗಿದೆ ಅಂದದ್ದರಲ್ಲಿ ನಿಜ ಎಷ್ಟು, ನಿಜವಾಗಿ ಹೋದದ್ದರಲ್ಲಿ ಹಿಡಿದದ್ದು ಎಷ್ಟು.

ಇನ್ನೊಂದು ಪ್ರಶ್ನೆ. ಎರಡು ಸಾವಿರ ಗುರುತುಗಳನ್ನು ಕಲಿಸಲು ಮತ್ತು ಪರೀಕ್ಷಿಸಲು ಹೇಗೆ ಹಂಚಿದಿರಿ?

ಹಸಿರುಗಣ್ಣು

70-30, ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ.

ಲೆಕ್ಕದಮೇಷ್ಟ್ರು

ಅಂದುಕೊಂಡೆ. ನೀವು ಗುರುತು ಹಾಕುವಾಗ ಒಂದು ಕಾಡಿನ ತುಂಡಿನ ಸುತ್ತ ಗೆರೆ ಎಳೆದು ಒಳಗಿನ ಪಿಕ್ಸೆಲ್ ಎಲ್ಲ ತಗೊಂಡಿರುತ್ತೀರಿ. ಅಕ್ಕಪಕ್ಕದ ಪಿಕ್ಸೆಲ್‌ಗಳು ಅಣ್ಣತಮ್ಮಂದಿರು. ಅಣ್ಣನನ್ನು ತೋರಿಸಿ ಕಲಿಸಿ, ತಮ್ಮನನ್ನು ಇಟ್ಟು ಪರೀಕ್ಷೆ ಮಾಡಿದರೆ ನೂರಕ್ಕೆ ತೊಂಬತ್ತಾರು ಬರದೆ ಇನ್ನೇನು ಬರುತ್ತದೆ? ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಕೊಟ್ಟ ಹಾಗೆ.

ಇದು ಹೊಸಬರ ತಪ್ಪು ಮಾತ್ರ ಅಲ್ಲ. ಮಧ್ಯ ಆಫ್ರಿಕಾದ ಕಾಡಿನ ಜೀವರಾಶಿ (ಮರಗಿಡಗಳ ಒಟ್ಟು ತೂಕ) ಲೆಕ್ಕದ ಮೇಲೆ 2020ರಲ್ಲಿ ಒಂದು ಅಧ್ಯಯನ ಬಂತು. ಮಾಮೂಲಿ ಪರೀಕ್ಷೆಯಲ್ಲಿ ಜಾಗದಿಂದ ಜಾಗಕ್ಕೆ ಇರುವ ಏರುಪೇರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಡೆಲ್ ಹೇಳುತ್ತಿತ್ತು. ಕಲಿಸಿದ ಜಾಗದಿಂದ ದೂರದ ಜಾಗದಲ್ಲಿ ಪರೀಕ್ಷಿಸಿದಾಗ ಆ ಶಕ್ತಿ ಹೆಚ್ಚುಕಡಿಮೆ ಸೊನ್ನೆ. ನಿಮ್ಮ ಪ್ರದೇಶವನ್ನು ದೊಡ್ಡ ಚೌಕಗಳಾಗಿ ಕತ್ತರಿಸಿ. ಕೆಲವು ಚೌಕ ಕಲಿಸಲು, ಕೆಲವು ಪೂರ್ತಿ ಬೇರೆ ಚೌಕ ಪರೀಕ್ಷೆಗೆ. ಅಂಕ ಇಳಿಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಸಹುರುಪು

ಇದನ್ನೆಲ್ಲ ಓದಿದರೆ ಸುಸ್ತಾಗುತ್ತದೆ. ಈಗ ಇಷ್ಟು ಒದ್ದಾಡಬೇಕಾ? ಗೂಗಲ್‌ನ ಆಲ್ಫಾಅರ್ತ್ ಅನ್ನುವ ಎಐ ಮಾಡೆಲ್ 2025ರಲ್ಲೇ ಬಂತು. 10 ಮೀಟರ್‌ನ ಪ್ರತಿ ಚೌಕಕ್ಕೂ ವರ್ಷಕ್ಕೊಂದರಂತೆ 64 ಸಂಖ್ಯೆ ಕೊಟ್ಟಿದ್ದಾರೆ, 2017ರಿಂದ. ಕ್ಯಾಮೆರಾ ಉಪಗ್ರಹ, ರೇಡಾರ್ ಎಲ್ಲ ಸೇರಿಸಿ ಅರೆದು ಮಾಡಿದ ಸಂಖ್ಯೆ. ಮೋಡದ ತಲೆನೋವೂ ಇಲ್ಲ. ಎರಡು ವರ್ಷದ 64 ಸಂಖ್ಯೆಗಳನ್ನು ಹೋಲಿಸಿದರೆ ಎಲ್ಲಿ ಬದಲಾಗಿದೆ ಅಂತ ಗೊತ್ತಾಗುತ್ತದೆ. ನಾಸಾ ಮತ್ತು ಐಬಿಎಂ ಸೇರಿ 2023ರಲ್ಲೇ ಪೃಥ್ವಿ ಅನ್ನುವ, ಉಪಗ್ರಹ ಚಿತ್ರ ಓದುವ ಎಐ ಮಾಡೆಲನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ರ‍್ಯಾಂಡಮ್ ಫಾರೆಸ್ಟ್ 2001ರ ಮಾಲು. ಮ್ಯೂಸಿಯಂಗೆ ಕಳಿಸಿ.

ರೇಡಾರ್‌ಕಿವಿ

ಬಳಸಿ ನೋಡಿದ್ದೇನೆ. ನಿಜಕ್ಕೂ ಚೆನ್ನಾಗಿದೆ. ಗುರುತು ಹಾಕಿದ ಜಾಗ ಬಹಳ ಕಮ್ಮಿ ಇದ್ದಾಗ ಜೀವ ಉಳಿಸುತ್ತದೆ.

ಆದರೆ ಈ ಚರ್ಚೆಯನ್ನೇ ಮತ್ತೆ ಓದಿ. ಹಸಿರುಗಣ್ಣು ಅವರ ತಪ್ಪು ಹೇಗೆ ಸಿಕ್ಕಿತು? ಕೆಂಪು 300 ಇದ್ದದ್ದು 1300 ಆಗಿದೆ ಅಂತ ಕಣ್ಣಿಗೆ ಕಂಡದ್ದರಿಂದ. 64 ಸಂಖ್ಯೆಗಳಲ್ಲಿ ಹದಿನೇಳನೆಯದು ಬದಲಾಗಿದೆ ಅಂದರೆ ನಾನೇನು ತಿಳಿದುಕೊಳ್ಳಲಿ? ಬದಲಾಗಿದೆ ಅನ್ನುತ್ತದೆ, ಏನು ಅನ್ನುವುದಿಲ್ಲ. ಕೆಂಪಿಗೊಂದು ಅರ್ಥ ಇದೆ, ಹದಿನೇಳನೆಯದಕ್ಕೆ ಇಲ್ಲ.

ಹೊಸಹುರುಪು

ಅದಕ್ಕೇ ಅದರ ಮೇಲೆ ನಿಮ್ಮ ಗುರುತು ಹಾಕಿ ಕಲಿಸಬೇಕು. ಅರ್ಥ ಗುರುತಿನಿಂದ ಬರುತ್ತದೆ.

ರೇಡಾರ್‌ಕಿವಿ

ಹಾಗಾದರೆ ಗುರುತು ಹಾಕುವ ಕೆಲಸ ತಪ್ಪಲಿಲ್ಲ ಅಲ್ವಾ? 2020ರಲ್ಲಿ ಆಫ್ರಿಕಾದ ಸಹಾರಾ-ಸಾಹೆಲ್‌ನ ಪಶ್ಚಿಮ ಭಾಗದಲ್ಲಿ ಒಂಟಿ ಮರಗಳನ್ನು ಎಣಿಸಿದರಲ್ಲ, ನೆನಪಿದೆಯಾ? 13 ಲಕ್ಷ ಚ.ಕಿ.ಮೀ. ಜಾಗ. 180 ಕೋಟಿಗೂ ಹೆಚ್ಚು ಮರ. ಮರುಭೂಮಿ ಅಂದುಕೊಂಡಿದ್ದ ಕಡೆಯೂ ಇಷ್ಟು ಮರ ಇದೆಯಾ ಅಂತ ಎಲ್ಲರೂ ಬೆರಗಾದರು. ಎಣಿಸಿದ್ದು ಎಐ, ಸರಿ. ಅದಕ್ಕೆ ಮರ ಅಂದರೆ ಹೀಗಿರುತ್ತದೆ ಅಂತ ತೋರಿಸಲು ಸುಮಾರು 90,000 ಮರಗಳಿಗೆ ಮನುಷ್ಯ ಕೈಯಿಂದ ಗೆರೆ ಎಳೆದಿದ್ದ. ಆ ಭಾಗ ಯಾರೂ ಹೇಳುವುದಿಲ್ಲ.

ಮೋಡದಾಚೆ

ಸಿದ್ಧ ನಕ್ಷೆ ಬಳಸುವವರಿಗೂ ಒಂದು ಮಾತು. ಎಲ್ಲಿ ಕಾಡು, ಎಲ್ಲಿ ಹೊಲ ಅಂತ ತೋರಿಸುವ ಯುರೋಪಿನವರ ವರ್ಲ್ಡ್‌ಕವರ್ ನಕ್ಷೆ 2020ಕ್ಕೊಂದು, 2021ಕ್ಕೊಂದು ಇದೆ. ಒಂದರಿಂದ ಇನ್ನೊಂದನ್ನು ಕಳೆದು "ಇದೋ ಬದಲಾವಣೆ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡೂ ನಕ್ಷೆಯ ಲೆಕ್ಕದ ವಿಧಾನವೇ ಬೇರೆ. ಮಾಡಿದವರೇ ಅದನ್ನು ಬರೆದಿದ್ದಾರೆ. ಪ್ರಪಂಚದ ಮರಹೊದಿಕೆ ನಷ್ಟದ ನಕ್ಷೆ 2013ರಲ್ಲಿ ಬಂತಲ್ಲ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಆರೂವರೆ ಲಕ್ಷ ಚಿತ್ರ ಬಳಸಿದ್ದು, ಅದರಲ್ಲೂ ಹೀಗೇ. ವರ್ಷ ಕಳೆದ ಹಾಗೆ ವಿಧಾನ ಸುಧಾರಿಸಿದೆ, ಸಣ್ಣ ನಷ್ಟವೂ ಈಗ ಸಿಗುತ್ತದೆ. ಹಳೆ ವರ್ಷ, ಹೊಸ ವರ್ಷ ನೇರವಾಗಿ ಹೋಲಿಸಿದರೆ ನಷ್ಟ ಇರುವುದಕ್ಕಿಂತ ಜಾಸ್ತಿ ಏರಿದ ಹಾಗೆ ಕಾಣಬಹುದು. ಕಣ್ಣು ಚುರುಕಾದದ್ದನ್ನು ರೋಗ ಹೆಚ್ಚಾಯಿತು ಅಂದ ಹಾಗೆ.

ಸುಮ್ನೆನೋಡೋನು

ಒಂದು ಅನುಮಾನ. ಇಷ್ಟೆಲ್ಲ ಮಾಡಿ ಏನು ಉಪಯೋಗ? ಮೇಲಿಂದ ನೋಡಿದರೆ ಮರ ಕಡಿಯುವವನು ಕೊಡಲಿ ಕೆಳಗಿಡುತ್ತಾನಾ?

ಹಳೇಹುಲಿ

ಬ್ರೆಜಿಲ್ ನೋಡಿ. ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಇನ್ಪೆ 1988ರಿಂದ ಅಮೆಜಾನ್ ಕಾಡುನಾಶವನ್ನು ವರ್ಷವರ್ಷ ಅಳೆಯುತ್ತಿದೆ. ವರ್ಷದ ಕೊನೆಯಲ್ಲಿ ಲೆಕ್ಕ ಬಂದರೆ ಏನು ಮಾಡುವುದು, ಮರ ಹೋಗಿರುತ್ತದೆ. 2004ರಲ್ಲಿ ಡೆಟರ್ ಅಂತ ಇನ್ನೊಂದು ವ್ಯವಸ್ಥೆ ಶುರು ಮಾಡಿದರು. ಚಿತ್ರ ಒರಟು, ಆದರೆ ಬೇಗ ಬರುತ್ತದೆ. ಕಡಿಯುತ್ತಿರುವಾಗಲೇ ಕಾವಲಿನವರಿಗೆ ಸುದ್ದಿ ಹೋಗುತ್ತದೆ. 2004ರಲ್ಲಿ 27 ಸಾವಿರ ಚ.ಕಿ.ಮೀ. ಮೀರಿದ್ದ ನಾಶ 2012ಕ್ಕೆ 4,600ರ ಆಸುಪಾಸಿಗೆ ಇಳಿಯಿತು. ದಂಡ, ಸಾಲಕ್ಕೆ ಕಡಿವಾಣ, ರಕ್ಷಿತ ಪ್ರದೇಶಗಳು ಎಲ್ಲ ಸೇರಿ ಆದದ್ದು ಅದು, ಉಪಗ್ರಹ ಒಂದರಿಂದಲೇ ಅಲ್ಲ. ಉಪಗ್ರಹಗಳು ನೋಡುತ್ತಿರುವಾಗಲೇ 2021ರಲ್ಲಿ ಮತ್ತೆ 13 ಸಾವಿರ ದಾಟಿತು. ಕಾವಲು ಸಡಿಲವಾಗಿತ್ತು, ಚಿತ್ರಗಳು ಬರುತ್ತಲೇ ಇದ್ದವು.

ಸುಮ್ನೆನೋಡೋನು

ಸರಿ. ನೆಲದ ಒಳಗಿನ ನೀರೂ ಕಾಣುತ್ತದಾ? ಕೇಳಿದ್ದೆ ಹಾಗಂತ.

ಪಿಕ್ಸೆಲ್‌ಪುರಾಣ

ಕಾಣುವುದಿಲ್ಲ, ತೂಗುತ್ತದೆ. ಗ್ರೇಸ್ ಅಂತ ಜೋಡಿ ಉಪಗ್ರಹ, 2002ರಿಂದ 2017ರವರೆಗೆ ಇತ್ತು. 2018ರಿಂದ ಅದರ ತಂಗಿ ಜೋಡಿ ಕೆಲಸ ಮಾಡುತ್ತಿದೆ. ಒಂದರ ಹಿಂದೆ ಒಂದು, ಸುಮಾರು 220 ಕಿ.ಮೀ. ಅಂತರದಲ್ಲಿ ಓಡುತ್ತವೆ. ಕೆಳಗೆ ತೂಕ ಜಾಸ್ತಿ ಇರುವ ಜಾಗ ಬಂದರೆ ಮುಂದಿನದನ್ನು ಮೊದಲು ಎಳೆಯುತ್ತದೆ, ಅಂತರ ಕೂದಲೆಳೆಯಷ್ಟು ಬದಲಾಗುತ್ತದೆ. ಅಷ್ಟರಿಂದ ನೀರಿನ ಏರಿಳಿತ ಲೆಕ್ಕ ಹಾಕುತ್ತಾರೆ. ದೊಡ್ಡ ನದಿ ಬಯಲಿಗೆ ಆಗುತ್ತದೆ, ನಿಮ್ಮ ಬಾವಿಗೆ ಆಗುವುದಿಲ್ಲ.

ಹಸಿರುಗಣ್ಣು

ಹಿಂದಿನ ವಾರವೆಲ್ಲ ಕೂತು ಮತ್ತೆ ಮಾಡಿದೆ. ಸಾವಿರ ಕಳೆದೆ. ಚೌಕ ಚೌಕವಾಗಿ ಹಂಚಿ ಪರೀಕ್ಷಿಸಿದೆ. 96% ಹೋಗಿ 84% ಆಯಿತು. ಲೆಕ್ಕದ ಮೇಷ್ಟ್ರೇ, ಸಂತೋಷವಾ?

ಈಗ ಎರಡು ಸಂಗತಿ ಉಳಿದಿವೆ. ಒಂದು, ಕೆರೆ. ನಡುಭಾಗ ವಾಪಸ್ ಬಂತು. ಆದರೆ ಒಂದು ಮೂಲೆ ಈಗಲೂ ಕೆಲವು ತಿಂಗಳು ನೀರು, ಕೆಲವು ತಿಂಗಳು ಹೊಲ. ಇನ್ನೊಂದು, ಕಾಡಿನ ಅಂಚಿನಲ್ಲಿ 2023ರಲ್ಲಿ ಹೋದ ಹಾಗೆ ಕಾಣುವ ಒಂದು ತುಂಡು. ಇದು ಸಾವಿರದ ಆಟ ಅಲ್ಲ. ಬಂಡೆ ಅಲ್ಲಾಡಿಲ್ಲ.

ಮೋಡದಾಚೆ

ಕೆರೆಯ ಮೂಲೆ ಯಾವ ಬಣ್ಣ? ಒಡ್ಡಿನ ಕಡೆಯಾ, ನೀರು ಒಳಗೆ ಬರುವ ಕಡೆಯಾ?

ಹಸಿರುಗಣ್ಣು

ನೀರು ಒಳಗೆ ಬರುವ ಕಡೆ. ಹೊಲ ಅಂದಾಗಲೆಲ್ಲ ಕಡು ಹಸಿರು. ಎನ್‌ಡಿವಿಐ 0.7 ದಾಟುತ್ತದೆ.

ಮೋಡದಾಚೆ

ಕಳೆ. ತೇಲುವ ಅಂತರಗಂಗೆ ಜಾತಿಯದು ಇರಬೇಕು. ಮೇಲಿಂದ ನೋಡಿದರೆ ಎಲೆಯೇ ಕಾಣುತ್ತದೆ, ಕೆಳಗೆ ನೀರಿದೆ ಅಂತ ಕ್ಯಾಮೆರಾಕ್ಕೆ ಹೇಗೆ ಗೊತ್ತಾಗಬೇಕು? ಕೆರೆ ಬತ್ತಿಲ್ಲ, ಮುಚ್ಚಿಕೊಂಡಿದೆ. ಊರ ಚರಂಡಿ ನೀರು ಅಥವಾ ಗೊಬ್ಬರ ಹರಿದು ಬರುವ ಬಾಯಲ್ಲಿ ಹೀಗೆ ಬೆಳೆಯುವುದು ಜಾಸ್ತಿ. ನಾಲ್ಕು ಬಗೆಯ ಜೊತೆಗೆ "ನೀರಿನ ಮೇಲಿನ ಕಳೆ" ಅಂತ ಐದನೆಯದು ಸೇರಿಸಿ. ನಿಮ್ಮ ವರದಿಯಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿರುವ ಭಾಗ ಆಗಬಹುದು.

ರೇಡಾರ್‌ಕಿವಿ

ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿ. ಅದಕ್ಕೆ ಮೋಡ ಅಡ್ಡಿಯಲ್ಲ, ಕತ್ತಲೆಯೂ ಅಲ್ಲ. ನಿಂತ ನೀರು ರೇಡಾರ್ ಅಲೆಯನ್ನು ಕನ್ನಡಿಯ ಹಾಗೆ ಆಚೆ ಜಾರಿಸುತ್ತದೆ, ಕಪ್ಪಗೆ ಕಾಣುತ್ತದೆ. ಕಳೆ ಇದ್ದರೆ ಬೆಳ್ಳಗಾಗುತ್ತದೆ. ಆದರೆ ಜೋರು ಗಾಳಿಗೆ ಅಲೆ ಎದ್ದರೂ ಬೆಳ್ಳಗಾಗುತ್ತದೆ, ಒಂದೇ ಚಿತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಕಾಡಿಗಾದರೆ ನೈಸಾರ್ ಬಂದಿದೆ, ನಾಸಾ-ಇಸ್ರೋ ಜೋಡಿ, 2025ರ ಜುಲೈ 30ರಂದು ಹಾರಿತು. ಸೆಂಟಿನೆಲ್-1ರ ರೇಡಾರ್ ಅಲೆಯ ಉದ್ದ ಐದೂವರೆ ಸೆಂ.ಮೀ. ಚಿಲ್ಲರೆ, ಮೇಲಿನ ಎಲೆಗಳಿಗೇ ಬಡಿದು ವಾಪಸ್. ನೈಸಾರ್‌ನ ಎಲ್-ಬ್ಯಾಂಡ್ ಅನ್ನುವ ಉದ್ದನೆಯ ಅಲೆ ಸುಮಾರು 24 ಸೆಂ.ಮೀ., ಎಲೆ ದಾಟಿ ಕೊಂಬೆ, ಕಾಂಡದವರೆಗೆ ಹೋಗುತ್ತದೆ.

ಪಿಕ್ಸೆಲ್‌ಪುರಾಣ

ಕಾಡಿನ ತುಂಡಿನ ಅಂಚು ಹೇಗಿದೆ? ಅಂಕುಡೊಂಕಾ, ನೇರವಾ?

ಹಸಿರುಗಣ್ಣು

ನೇರ. ಉದ್ದ ಚೌಕ. ಗೂಗಲ್ ಅರ್ತ್‌ನಲ್ಲಿ ಹತ್ತಿರ ಹೋಗಿ ನೋಡಿದೆ. 2022ರ ಚಿತ್ರದಲ್ಲಿ ಮರಗಳು ಸಾಲುಸಾಲಾಗಿವೆ. ಈಗಿನದರಲ್ಲಿ ಬೋಳು. ಅದರಲ್ಲೂ ಸಣ್ಣ ಸಣ್ಣ ಸಾಲು ಕಾಣಿಸುತ್ತಿದೆ.

ಪಿಕ್ಸೆಲ್‌ಪುರಾಣ

ನೆಡುತೋಪು. ಬೆಳೆಸಿದರು, ಕಡಿದರು, ಮತ್ತೆ ನೆಟ್ಟಿದ್ದಾರೆ. ಮರ ಹೋದದ್ದು ನಿಜ. ಕಾಡು ಹೋಯಿತಾ ಅನ್ನುವುದು ಬೇರೆ ಪ್ರಶ್ನೆ. ಅಲ್ಲಿ ಮೊದಲು ಏನಿತ್ತು ನೋಡಬೇಕು. ಲ್ಯಾಂಡ್‌ಸ್ಯಾಟ್ 1972ರಿಂದ ಚಿತ್ರ ತೆಗೆಯುತ್ತಿದೆ. 30 ಮೀಟರ್‌ನ ಚಿತ್ರ 1980ರ ದಶಕದಿಂದ ಸಿಗುತ್ತದೆ, 2008ರಿಂದ ಎಲ್ಲ ಉಚಿತ. ಹಿಂದಕ್ಕೆ ಹೋಗಿ. 2003ರ ಮೇ ಕೊನೆಯಿಂದ ಲ್ಯಾಂಡ್‌ಸ್ಯಾಟ್-7ರ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಕಾಣುತ್ತವೆ, ಗಾಬರಿಯಾಗಬೇಡಿ. ಅದರ ಒಂದು ಭಾಗ ಕೆಟ್ಟು ಪ್ರತಿ ಚಿತ್ರದಲ್ಲೂ ಸುಮಾರು 22% ಖಾಲಿ. ಅದನ್ನೂ ಕಾಡುನಾಶ ಅಂತ ಬರೆದುಬಿಟ್ಟೀರಿ!

ಲೆಕ್ಕದಮೇಷ್ಟ್ರು

84% ನೋಡಿ ಸಂತೋಷವಾಯಿತು. ಇನ್ನು ಚುಕ್ಕಿ ಎಣಿಸಿ ವಿಸ್ತೀರ್ಣ ಹೇಳಬೇಡಿ. "ಹೋಗಿದೆ" ಅಂದ ಭಾಗದಿಂದ ಒಂದಷ್ಟು, "ಹೋಗಿಲ್ಲ" ಅಂದ ಭಾಗದಿಂದ ಇನ್ನೂ ಜಾಸ್ತಿ ಬಿಂದುಗಳನ್ನು ಚೀಟಿ ಎತ್ತಿ ಆರಿಸಿ. ಒಂದೊಂದನ್ನೂ ಕಣ್ಣಿಟ್ಟು ನೋಡಿ. ಆಮೇಲೆ ವಿಸ್ತೀರ್ಣ ಇಷ್ಟು, ಹೆಚ್ಚುಕಮ್ಮಿ ಇಷ್ಟು ಅಂತ ಬರೆಯಿರಿ. ಆ "ಹೆಚ್ಚುಕಮ್ಮಿ" ಇಲ್ಲದ ನಕ್ಷೆಯನ್ನು ನಾನು ಓದುವುದೇ ಇಲ್ಲ.

ಹಸಿರುಗಣ್ಣು

ಶುರು ಮಾಡಿದ್ದೇನೆ. ಮುನ್ನೂರು ಬಿಂದು, ಇವತ್ತಿಗೆ ಎಪ್ಪತ್ತು ಮುಗಿದವು. ಕಣ್ಣು ಉರಿಯುತ್ತಿದೆ.

ಕಾಲೇಜಿನ ಮೇಷ್ಟ್ರಿಗೂ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹಳೆಯ ಇನ್ನೊಬ್ಬ ವಿದ್ಯಾರ್ಥಿಯ ಫೈಲು ತೆಗೆಸಿದರು. ಅದೂ ಸೆಂಟಿನೆಲ್-2, ಅದೂ 2023ರವರೆಗಿನದು. ನಾಳೆ ಇಬ್ಬರೂ ಕೂತು ನೋಡುತ್ತೇವೆ.

ರೇಡಾರ್‌ಕಿವಿ

ಮೊದಲು ಬಂಡೆ ಹುಡುಕಿ.